ಲ್ಯಾಪ್‌ಟಾಪಿನ ಹಗ್ಗ

ಮೊದಲೇ ಹೇಳಿಬಿಡುತ್ತೇನೆ, ಇದು ನಾನು ಗೆದ್ದ ಕಥೆ. ಗುಟ್ಟನ್ನು ಹೀಗೆ ಮೊದಲನೆಯ ಸಾಲಿನಲ್ಲೇ ಬಿಟ್ಟುಕೊಡುವುದು ಬರೆಯುವವನ ಜಾಣತನವಲ್ಲ ಎಂದು ನನಗೂ ಗೊತ್ತು. ಗೆಲುವು ಎನ್ನುವುದು ವಾರಕ್ಕೊಮ್ಮೆ ಬರುವ ನೆಂಟನಾಗಿದ್ದರೆ ಒಳಗೆ ಕೂರಿಸಿ, ಕೊನೆಗೆ ಕರೆದು ತೋರಿಸಬಹುದಿತ್ತು. ನನ್ನ ಬಾಳಿನಲ್ಲಿ ಅದು ಒಂದೇ ಒಂದು ಸಲ ಬಂದಿದೆ. ಬಚ್ಚಿಡುವಷ್ಟು ತಾಳ್ಮೆ ನನಗಿಲ್ಲ. ವ್ಯಾಪಾರದಲ್ಲಿ ಟೋಪಿ ಹಾಕಿಸಿಕೊಳ್ಳುವುದಕ್ಕೂ ಒಂದು ಮುಖಲಕ್ಷಣ ಬೇಕು, ಅದು ನನಗೆ ಹುಟ್ಟಿನಿಂದಲೇ ಬಂದಿದೆ. ನಾನು ಸಂತೆಗೆ ಕಾಲಿಟ್ಟರೆ ಸಾಕು, ಟೊಮೆಟೊ ಮಾರುವವರು ಬುಟ್ಟಿಯ ತಳದಲ್ಲಿದ್ದುದನ್ನು ಮೇಲಕ್ಕೆ ತರುತ್ತಾರೆ. ಹೆದ್ದಾರಿ ಪಕ್ಕದಲ್ಲಿ ಮಾವಿನಹಣ್ಣು ಮಾರುವವನೊಬ್ಬ “ರಸ ಸುರೀತೈತೆ ಸಾರ್” ಎಂದಿದ್ದ. ಸುಳ್ಳೇನಲ್ಲ, ಮನೆ ಮುಟ್ಟುವ ಮೊದಲೇ ರಸ ಸುರಿದು ಬಸ್ಸಿನ ಸೀಟೆಲ್ಲ ಅಂಟಾಗಿತ್ತು. ಹಳೆಯ ಸ್ಕೂಟರ್ ಕೊಂಡಾಗ ಅದನ್ನು ಮಾರಿದವನು ಕಣ್ಣಲ್ಲಿ ನೀರು ತಂದುಕೊಂಡ. ನಾನೇ ಅವನ ಬೆನ್ನು ತಟ್ಟಿ ಸಮಾಧಾನ ಮಾಡಿ ಬಂದೆ. ಅದು ಆನಂದಬಾಷ್ಪ ಎಂದು ತಿಳಿದದ್ದು ಕೆಂಗಲ್ ದಾಟುವಷ್ಟರಲ್ಲಿ ಸ್ಕೂಟರ್ ನಿಂತ ಮೇಲೆ.

ಹೀಗಾಗಿ ಮನೆಯಲ್ಲಿ ಯಾವುದೇ ವಸ್ತು ಕೆಟ್ಟರೂ ನನ್ನ ಹೆಂಡತಿ ಸುಜಾತ “ಇದನ್ನು ಯಾರು ತಂದದ್ದು?” ಎಂದು ಕೇಳುವುದಿಲ್ಲ. ಸುಮ್ಮನೆ ನನ್ನ ಕಡೆ ಒಮ್ಮೆ ನೋಡಿ ಅಡುಗೆಮನೆಗೆ ಹೋಗುತ್ತಾಳೆ. ಜಗಳವಾಡಿದರೆ ಎದುರುತ್ತರ ಕೊಡಬಹುದು, ನೋಟಕ್ಕೆ ಏನು ಉತ್ತರ ಕೊಡುವುದು? ಒಂದೇ ಒಂದು ವ್ಯಾಪಾರದಲ್ಲಿ ಗೆದ್ದು ಬಂದು ಆ ನೋಟವನ್ನು ಎದುರಿಸಬೇಕು, ತಲೆ ಎತ್ತಿ ಕಾಫಿ ಕೇಳಬೇಕು ಎನ್ನುವುದು ಮದುವೆಯಾದಾಗಿನಿಂದ ನನ್ನ ಆಸೆಯಾಗಿತ್ತು. ಇತರರು ಸೈಟು, ಕಾರು ಎಂದು ಕನಸು ಕಾಣುತ್ತಾರೆ. ನನ್ನದು ಇಷ್ಟೆ.

ನಾನು ಬಿಡದಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಅವು ಎರಡು ಸಾವಿರದ ಇಸವಿಯ ಈಚಿನ ವರ್ಷಗಳು. ರಾಗಿ ಹೊಲಗಳಿದ್ದ ಕಡೆಯೆಲ್ಲ ಕಾಂಪೌಂಡು ಎದ್ದು, ಕಾಂಪೌಂಡಿನೊಳಗೆ ಶೆಡ್ಡು ಎದ್ದು, ಕನಕಪುರ, ಮಾಗಡಿ ಕಡೆಯ ನಮ್ಮಂಥವರೆಲ್ಲ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಪಾಳಿಯ ಮೇಲೆ ಹೋಗಿಬರುವುದನ್ನು ಕಲಿಯುತ್ತಿದ್ದ ಕಾಲ. ಆಫೀಸಿನವರು ಹಳೆಯ ಲ್ಯಾಪ್‌ಟಾಪುಗಳನ್ನು ಚೀಟಿ ಎತ್ತಿ ನೌಕರರಿಗೆ ಕೊಟ್ಟರು. ಒಂದು ಲ್ಯಾಪ್‌ಟಾಪಿಗೆ ನನ್ನ ಹೆಸರು ಬಂದಾಗ ಮ್ಯಾನೇಜರುಗಳೆಲ್ಲ ಯಾಕೆ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು ಎಂದು ನಾನು ಯೋಚಿಸಬೇಕಿತ್ತು. ಅದರ ಪರದೆ ದೊಡ್ಡದು, ಸಿನಿಮಾ ನೋಡಲು ಚೆನ್ನ. ಆದರೆ ತೂಕವೋ ಒರಳುಕಲ್ಲಿನದು. ಫ್ಯಾನು ತಿರುಗಿದರೆ ಅಕ್ಕಿ ಗಿರಣಿ, ಅರ್ಧ ಗಂಟೆ ಓಡಿದರೆ ಮೇಲೆ ದೋಸೆ ಹುಯ್ಯಬಹುದು. ಸ್ಟೋರ್ಸಿನಲ್ಲಿದ್ದ ಒಂದೇ ಕಂಪ್ಯೂಟರಿನ ಮುಂದೆ ಸದಾ ಬೇರೆ ಯಾರೋ ಕೂತಿರುತ್ತಿದ್ದರು. ಆದ್ದರಿಂದ ನನ್ನ ಒರಳುಕಲ್ಲನ್ನು ದಿನಾ ಎಡಹೆಗಲಿಗೆ ನೇತುಹಾಕಿಕೊಂಡು ಚನ್ನಪಟ್ಟಣದಿಂದ ಬಿಡದಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಒಂದು ಸಲ ಅಂಗಿ ಹೊಲಿಸಲು ಹೋದಾಗ ಟೈಲರ್ ಶೇಷಣ್ಣ ಟೇಪನ್ನು ಎರಡೆರಡು ಸಲ ಹಿಡಿದು ನೋಡಿ, “ಎಡಗಡೆ ಹೆಗಲು ಒಸಿ ಇಳ್ದೈತೆ ಸಾರ್. ಹಂಗೇ ಹೊಲಿಲೋ, ಇಲ್ಲಾ ಸರಿ ಮಾಡ್ಕಂಡು ಬತ್ತೀರೋ?” ಎಂದು ಕೇಳಿದ.

ಈಗ ಕೆಂಪರಾಜುವಿನ ವಿಷಯಕ್ಕೆ ಬರುತ್ತೇನೆ. ಕೆಂಪರಾಜು ಸೋಲೂರಿನ ಕಡೆಯವನು, ನಮ್ಮ ಪಕ್ಕದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಸಂಸಾರ ರಾಮನಗರದ ಬಾಡಿಗೆ ಮನೆಯಲ್ಲಿ. ನಾನು ಚನ್ನಪಟ್ಟಣದಲ್ಲಿ ರೈಲು ಹತ್ತಿ ಪಕ್ಕದ ಸೀಟಿಗೆ ಕರವಸ್ತ್ರ ಹಾಸಿ ಹಿಡಿದಿಟ್ಟರೆ, ಅವನು ರಾಮನಗರದಲ್ಲಿ ಹತ್ತಿ ಕರವಸ್ತ್ರದ ಸಮೇತ ಅದರ ಮೇಲೆ ಕೂರುತ್ತಾನೆ. ನಮ್ಮ ಸ್ನೇಹ ಅಂಥದ್ದು. ಅವನ ಹತ್ತಿರವೂ ಒಂದು ಹಳೆಯ ಲ್ಯಾಪ್‌ಟಾಪಿತ್ತು, ಭಾವಮೈದ ಬಳಸಿ ಬಿಟ್ಟದ್ದು. ಅದು ಶಾಲೆಯ ಸ್ಲೇಟಿನಷ್ಟು ಚಿಕ್ಕದು, ಹಗುರ. ಅದರಲ್ಲಿ ಅಕ್ಷರಗಳು ಸಾಸಿವೆಯಷ್ಟು ಕಾಣುತ್ತವೆ. ಕೆಂಪರಾಜುವಿಗೋ ಕನ್ನಡಕ ಹಾಕಿಕೊಂಡರೂ ಎದುರು ಬಂದವರು ಮಾತಾಡಿದ ಮೇಲೆಯೇ ಗುರುತು ಹತ್ತುವುದು. ಒಂದು ದಿನ ಅವನು ನನ್ನ ದೊಡ್ಡ ಪರದೆಯನ್ನೇ ನೋಡುತ್ತ, “ಲೇ ನಾಗ, ನಮ್ಮನೇಲಿ ಸಿನಿಮಾ ಆಕುದ್ರೆ ಹೆಂಡ್ತಿ ಮಕ್ಳು ಸರದಿ ಮೇಲೆ ತಲೆ ಇಕ್ಬೇಕು ಕಣ್ಲಾ. ನಿಂದು ನಂಗೆ ಕೊಡು, ನಂದು ನೀನು ಮಡಿಕ್ಕೊ. ಬದ್ಲು ಮಾಡ್ಕಳನ” ಎಂದ.

ನನ್ನ ಹೆಗಲು ಅಲ್ಲೇ ಒಪ್ಪಿಕೊಂಡುಬಿಟ್ಟಿತು. ಆದರೆ ತಲೆ ಒಪ್ಪಲಿಲ್ಲ. ಇವನು ತಾನಾಗಿ ಕೇಳುತ್ತಿದ್ದಾನೆ ಎಂದರೆ ಅದರಲ್ಲಿ ಏನೋ ಇದೆ. ಇಷ್ಟು ದಿನ ಸ್ನೇಹಿತನಾಗಿದ್ದವನು ಆ ಕ್ಷಣದಿಂದ ನನಗೆ ಸ್ಕೂಟರ್ ಮಾರಿದವನ ದಾಯಾದಿಯಂತೆ ಕಾಣತೊಡಗಿದ. “ನೋಡನ ಬುಡು” ಎಂದೆ, ಆಸಕ್ತಿಯೇ ಇಲ್ಲದವನ ಹಾಗೆ ಕಿಟಕಿಯ ಆಚೆ ನೋಡುತ್ತ. ನಾನು ಹಾಗಂದದ್ದೇ ತಡ, ಅವನಿಗೆ ನನ್ನ ಲ್ಯಾಪ್‌ಟಾಪಿನ ಮೇಲೆ ಆಸೆ ದುಪ್ಪಟ್ಟಾಯಿತು. ಮರುದಿನ ನಾನೇ ತಡೆಯಲಾರದೆ “ಆಗ್ಲಿ ಕಣ್ಲಾ” ಎಂದೆ. ಅವನು ತಟ್ಟನೆ ಹಿಂದೆ ಸರಿದು, “ಯಾಕ್ಲಾ, ಕೆಟ್ಟೋಗೈತೇನ್ಲಾ?” ಎಂದು ಕಣ್ಣು ಕಿರಿದು ಮಾಡಿದ. ಹೀಗೆ ಒಬ್ಬ ಮುಂದೆ ಬಂದರೆ ಇನ್ನೊಬ್ಬ ಹಿಂದೆ, ಇನ್ನೊಬ್ಬ ಮುಂದೆ ಬಂದರೆ ಇವನು ಹಿಂದೆ. ರೈಲು ಅಷ್ಟು ದಿನ ಸರಿಯಾದ ಸಮಯಕ್ಕೆ ಹೋಗುತ್ತಿತ್ತು, ಮಾತುಕತೆ ಮಾತ್ರ ನಿಲ್ದಾಣ ಬಿಡಲಿಲ್ಲ. ನನ್ನದರ ಫ್ಯಾನಿನ ಸದ್ದಿನ ವಿಷಯ ನಾನು ಎತ್ತಲಿಲ್ಲ. ರೈಲಿನ ಸದ್ದಿನಲ್ಲಿ ಅದು ಕೇಳಿಸುವ ಸಂಭವವೂ ಇರಲಿಲ್ಲ. ಅವನದನ್ನು ಅವನು ಯಾವಾಗಲೂ ತನ್ನ ಬ್ಯಾಗಿಗೆ ಒರಗಿಸಿಯೇ ಬಿಚ್ಚುತ್ತಿದ್ದ. ಯಾಕೆಂದು ನಾನು ಕೇಳಲಿಲ್ಲ. ಕೇಳುವ ಬುದ್ಧಿ ಇದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಸುಜಾತಳಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. “ರೀ, ಕೊಡೋದು ನಿಮಗೆ ಚೆನ್ನಾಗಿ ಬರುತ್ತೆ. ತಗೊಳ್ಳೋದು ಬರಲ್ಲ. ಬೇಡ” ಎಂದಳು. ನನಗೆ ಎಲ್ಲಿಲ್ಲದ ರೋಷ ಬಂತು. “ಈ ಸಲ ಗೆದ್ದು ಬಂದರೆ ಏನು ಮಾಡುತ್ತೀಯೆ?” ಎಂದು ಕೇಳಿದೆ. “ನೀವು ತಂದದ್ದು ಒಂದು ವಾರದೊಳಗೆ ನನ್ನ ಕಣ್ಣೆದುರಿಗೆ ಸರಿಯಾಗಿ ಓಡಿದರೆ, ಈ ಬೀದಿಗೆಲ್ಲ ಒಬ್ಬಟ್ಟು ಹಂಚುತ್ತೀನಿ. ಓಡದಿದ್ದರೆ ಇನ್ನು ಮುಂದೆ ನೀವು ಉಪ್ಪು ತರೋದಕ್ಕೂ ಅಂಗಡಿಗೆ ಹೋಗಬಾರದು” ಎಂದಳು. ಮಾತು ಒಪ್ಪಂದವಾಯಿತು. ನಮ್ಮ ಬೀದಿಯಲ್ಲಿ ಮಾತು ಗಾಳಿಯಲ್ಲಿ ಹೋಗುವುದಿಲ್ಲ, ಬೊಂಬೆಗೆ ಬಣ್ಣ ಹಚ್ಚುವ ಪಕ್ಕದ ಮನೆಯ ಜಯಮ್ಮನ ಮೂಲಕ ಹೋಗುತ್ತದೆ. ಸಂಜೆಯೊಳಗೆ ಬೀದಿಯಲ್ಲಿ ಎಲ್ಲರೂ ನನ್ನನ್ನು ಒಬ್ಬಟ್ಟಿನ ಲೆಕ್ಕದಲ್ಲಿ ನೋಡತೊಡಗಿದರು. ಇನ್ನು ಸೋಲುವಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ನನ್ನ ಪುಣ್ಯಕ್ಕೆ ಅಪ್ಪ ಮನೆಯಲ್ಲಿದ್ದರು. ಅವರು ಸಾತನೂರಿನಲ್ಲಿ ಅಣ್ಣನ ಜೊತೆ ಇರುವವರು. ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ನಮ್ಮಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಅಪ್ಪ ಹರೆಯದಲ್ಲಿ ಎತ್ತುಗಳನ್ನು ಬದಲು ಮಾಡುವುದರಲ್ಲಿ ಹೆಸರಾದವರು. ಕುಂಟೆತ್ತು ಕೊಟ್ಟು ಕುದುರೆಯಂಥ ಎತ್ತು ತಂದವರು ಎಂದು ಈಗಲೂ ಊರಿನಲ್ಲಿ ಹೇಳುತ್ತಾರೆ, ಹೆಚ್ಚಾಗಿ ಅಪ್ಪನೇ ಹೇಳುತ್ತಾರೆ. ಅಂಥವರ ಹೊಟ್ಟೆಯಲ್ಲಿ ನನ್ನಂಥವನು ಹುಟ್ಟಿದ್ದು ಅವರಿಗೆ ಒಳಗೊಳಗೇ ಕೊರಗು. ವಿಷಯ ಕೇಳಿದ್ದೇ ಅವರು ಹಾಸಿಗೆಯಿಂದ ಎದ್ದು ಕೂತು, “ಭಾನುವಾರ ಅವನ್ನ ಇಲ್ಲಿಗೇ ಬರೇಳು. ದಾರೀಲಿ, ರೈಲಲ್ಲಿ ಯಾಪಾರ ಮಾಡ್ಬಾರ್ದು. ನಾನೈದೀನಿ” ಎಂದರು. ಡಾಕ್ಟರು ಕೊಟ್ಟ ಔಷಧಿಯಿಂದ ಆಗದಿದ್ದ ಗುಣ ಆ ಒಂದು ಸುದ್ದಿಯಿಂದ ಆಗಿತ್ತು.

ಭಾನುವಾರ ಕೆಂಪರಾಜು ಬಂದ. ಕಾಫಿಯಾದ ಮೇಲೆ ಅವನು ತನ್ನ ಲ್ಯಾಪ್‌ಟಾಪನ್ನು ತೆಗೆದು ನಮ್ಮ ಗೋಡೆಗೆ ಒರಗಿಸಿ ಬಿಚ್ಚಿದ. “ಗ್ವಾಡೆಗೆ ಒರಗ್ಸುದ್ರೆ ಬೆಳಕು ಚೆಂದಾಗ್ ಬೀಳ್ತದೆ ಗೌಡ್ರೆ” ಎಂದ. ಅಪ್ಪ ಹಸಿರು ಬಟ್ಟೆಯನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ಪರೀಕ್ಷೆ ಶುರು ಮಾಡಿದರು. ಒಂದೊಂದು ಕೀಲಿಯನ್ನೂ ಬೆರಳಿನಿಂದ ಒತ್ತುತ್ತ ಹೋಗಿ, ಮೂಲೆಯಲ್ಲಿ ಕೀಲಿಯಿಲ್ಲದ ಒಂದು ಜಾಗದಲ್ಲಿ ಬೆರಳು ನಿಲ್ಲಿಸಿ, “ಇಲ್ಲೊಂದು ಹಲ್ಲು ಬಿದ್ದೈತೆ. ವಯಸ್ಸು ಮುಚ್ಚಾಕ್ತಿದ್ದೀಯ ಕಣಪ್ಪ” ಎಂದರು. ಬೆನ್ನಿನ ಮೇಲೆ ಅಂಗೈ ಸವರಿ ಒಂದು ಗೀರನ್ನು ಹುಡುಕಿ, ಅದು ಒಳ್ಳೆಯ ಸುಳಿಯೋ ಕೆಟ್ಟ ಸುಳಿಯೋ ಎಂದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ “ಸುಮ್ನೆ ನಿಂತಿದ್ರೆ ಎಲ್ಲಾ ಎತ್ತೂ ಚೆಂದವೇಯ. ಏರು ಕಟ್ಟಿ ನೋಡ್ಲಾ” ಎಂದು ನನಗೆ ಹೇಳಿದರು. ಎತ್ತನ್ನು ನೇಗಿಲಿಗೆ ಹೂಡಿ ನೋಡುವ ಹಾಗೆ ಇದಕ್ಕೂ ಕೆಲಸ ಕೊಟ್ಟು ನೋಡಬೇಕೆಂದು ಊಹಿಸಿ, ನನ್ನ ಪೆನ್ ಡ್ರೈವಿನಲ್ಲಿದ್ದ ಸ್ಟೋರ್ಸಿನ ದೊಡ್ಡ ಫೈಲೊಂದನ್ನು ತೆರೆದೆ. ಅದು ಮುಗ್ಗರಿಸದೆ ಓಡಿತು. ಕೆಂಪರಾಜು ನನ್ನದನ್ನು ಓಡಿಸಿದಾಗ ಫ್ಯಾನು ಗುಡುಗತೊಡಗಿತು.  ಅಪ್ಪ ಕಣ್ಣು ಪಿಳುಕಿಸದೆ, “ಗುಟುರು ಹಾಕ್ತೈತೆ. ಕಸುವಿರೋ ಎತ್ತು” ಎಂದರು. ಕೆಂಪರಾಜು ಮೆಚ್ಚುಗೆಯಿಂದ ತಲೆದೂಗಿದ. ಅಪ್ಪನ ಮೇಲೆ ನನಗೆ ಆ ಹೊತ್ತು ಬಂದಷ್ಟು ಪ್ರೀತಿ ಚಿಕ್ಕಂದಿನಲ್ಲಿ ಅವರು ಮಿಠಾಯಿ ಕೊಡಿಸಿದಾಗಲೂ ಬಂದಿರಲಿಲ್ಲ.

ಎರಡೂ ಸಮವೆಂದು ತೀರ್ಮಾನವಾಯಿತು. ಆದರೆ ಕೆಂಪರಾಜುವಿನ ಎತ್ತಿಗೆ ಹಲ್ಲು ಬಿದ್ದಿರುವುದರಿಂದ ಅವನು ಮೇಲೆ ಇನ್ನೇನಾದರೂ ಕೊಡಬೇಕು ಎಂದು ಅಪ್ಪ ಪಟ್ಟು ಹಿಡಿದರು. ಇಂಥದ್ದನ್ನು ದನದ ಸಂತೆಯಲ್ಲಿ ಬಾಯಿ ಬಿಟ್ಟು ಆಡುವುದಿಲ್ಲ. ಟವಲಿನ ಅಡಿಯಲ್ಲಿ ಕೈ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು ಎಂದು. ನಮ್ಮ ನಡುಮನೆಯಲ್ಲಿ ಸುತ್ತ ನಿಂತವರೆಂದರೆ ನಾನು ಮತ್ತು ಸುಜಾತ. ಆದರೂ ಅಪ್ಪ ಹೆಗಲ ಮೇಲಿನ ಟವಲನ್ನು ಹರಡಿದರು. ಅದರ ಕೆಳಗೆ ಇಬ್ಬರ ಕೈಗಳೂ ಸೇರಿದವು. ಟವಲು ಏಳುತ್ತಿತ್ತು, ಇಳಿಯುತ್ತಿತ್ತು. ಕೆಂಪರಾಜು ಒಮ್ಮೆ “ಅಯ್ಯೋ, ಆಗಲ್ಲ ಗೌಡ್ರೆ” ಎಂದು ನರಳಿದ. ಅಪ್ಪ ಛಾವಣಿ ನೋಡುತ್ತ ಕೂತಿದ್ದರು. ನನ್ನ ಲ್ಯಾಪ್‌ಟಾಪಿನ ಭವಿಷ್ಯ ಟವಲಿನಡಿ ತೀರ್ಮಾನವಾಗುತ್ತಿತ್ತು, ನನಗೇ ಅದನ್ನು ನೋಡುವ ಹಕ್ಕಿರಲಿಲ್ಲ. ಕೊನೆಗೆ ಟವಲು ಸರಿದಾಗ ಒಂದು ಮೌಸು ನಮ್ಮದಾಗಿತ್ತು.

ಇನ್ನೇನು ಬ್ಯಾಗು ಕಟ್ಟಬೇಕು, ಅಪ್ಪ ನನ್ನನ್ನು ಅಡುಗೆಮನೆಗೆ ಕರೆದರು. “ಇದರ ಹಗ್ಗ ಯಾವ್ದ್ಲಾ?” ಎಂದು ಪಿಸುಗುಟ್ಟಿದರು. ನನಗೆ ಅರ್ಥವಾಗಲಿಲ್ಲ. “ಇದನ್ನ ದಿನಾ ಏನ್ರಲ್ಲಿ ಕಟ್ಟಾಕ್ತೀಯ?” ಎಂದರು. ನಾನು ಚಾರ್ಜರ್ ತೋರಿಸಿದೆ, ಗೋಡೆಗೆ ಸಿಕ್ಕಿಸುವುದು ಅದನ್ನೇ ತಾನೆ. ಅಪ್ಪನ ಒಂಟಿ ಕಣ್ಣು ಮಿಂಚಿತು. “ಅದನ್ನ ಕೊಡ್ಬ್ಯಾಡ. ಎತ್ತು ಕೊಡು, ಹಗ್ಗ ಕೊಡ್ಬ್ಯಾಡ. ಹಗ್ಗ ಕೊಟ್ರೆ ಕೊಟ್ಟಿಗೆ ಲಕ್ಷ್ಮಿ ಅದರ ಜೊತೇಲೇ ಹೊಂಟೋಯ್ತಾಳೆ” ಎಂದರು. ನಮ್ಮ ಕಡೆ ಇದು ಮಾತಾಡದೆಯೇ ನಡೆಯುವ ಪದ್ಧತಿ. ದನ ಮಾರಿದವನು ತನ್ನ ಹಗ್ಗ ಬಿಚ್ಚಿಕೊಂಡೇ ಮನೆಗೆ ಬರುತ್ತಾನೆ, ಕೊಂಡವನು ಅಂಗಡಿಯಿಂದ ಹೊಸ ಹಗ್ಗ ತರಬೇಕು. ನಾನು ಬಿ.ಕಾಂ. ಓದಿದವನು, ಲ್ಯಾಪ್‌ಟಾಪು ದನವಲ್ಲ ಎಂಬ ತಿಳಿವಳಿಕೆ ನನಗಿರಬೇಕಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದೇ ಬೇರೆ. ಕೆಂಪರಾಜು ತನ್ನ ಚಾರ್ಜರ್ ಕೊಟ್ಟೇ ಕೊಡುತ್ತಾನೆ, ನನ್ನದೂ ನನ್ನಲ್ಲೇ ಉಳಿದರೆ ನನಗೆ ಎರಡಾಗುತ್ತವೆ! ಜೀವನದಲ್ಲಿ ಮೊದಲ ಸಲ ನಾನು ಇನ್ನೊಬ್ಬರಿಗೆ ಟೋಪಿ ಹಾಕುವವನಿದ್ದೆ. ಬ್ಯಾಗಿನ ಜಿಪ್ಪು ಎಳೆದುಬಿಟ್ಟೆ. ಅಪ್ಪ ನನ್ನ ಚಾರ್ಜರನ್ನು ಸುತ್ತಿ ದೇವರ ಪಟದ ಪಕ್ಕದ ಮೊಳೆಗೆ ನೇತುಹಾಕಿ ಕೈಮುಗಿದರು.

ಸಂಜೆ ಸುಜಾತಳೆದುರು ಹೊಸ ಲ್ಯಾಪ್‌ಟಾಪು ತೆಗೆದು ಗೋಡೆಗೆ ಒರಗಿಸಿ ಕೂತೆ. ಸ್ವಲ್ಪ ಹೊತ್ತು ಓಡಿ, ಬ್ಯಾಟರಿ ಮುಗಿಯಿತೆಂದು ಕೂಗಿ, ಕಣ್ಣುಮುಚ್ಚಿತು. ಬ್ಯಾಗಿನೊಳಗೆ ಕೈ ಹಾಕಿದೆ. ಮೌಸಿತ್ತು. ಬ್ಯಾಗನ್ನು ತಲೆಕೆಳಗೆ ಮಾಡಿ ಕೊಡವಿದೆ. ಒಂದು ಹಳೆಯ ರೈಲು ಟಿಕೆಟ್ಟು ಬಿತ್ತು. ಹಗ್ಗವಿರಲಿಲ್ಲ. ನನ್ನ ಹಗ್ಗ ತಂದು ಚುಚ್ಚಿ ನೋಡಿದರೆ ಅದರ ಪಿನ್ನು ದಪ್ಪ, ಇದರ ತೂತು ಸಣ್ಣ.  ಫೋನು ಮಾಡಿ “ಚಾರ್ಜರ್ ಎಲ್ಲೋ?” ಎಂದು ಕೇಳೋಣವೆಂದರೆ ಅವನು “ನಿಂದೆಲ್ಲೋ?” ಎನ್ನುತ್ತಾನೆ. ಕಳ್ಳನ ಮನೆಯಲ್ಲಿ ಕಳುವಾದರೆ ದೂರು ಕೊಡುವುದು ಎಲ್ಲಿ? “ಯಾಕೆ ಆರಿಹೋಯಿತು?” ಎಂದಳು ಸುಜಾತ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, “ಹೊಸ ಕೊಟ್ಟಿಗೆ ಅಲ್ವೇನವ್ವ? ಎರಡು ದಿನ ಮೇವು ಮುಟ್ಟಾಕಿಲ್ಲ. ಒಗ್ಗಬೇಕು” ಎಂದರು. ಸುಜಾತ ನನ್ನ ಕಡೆ ಒಮ್ಮೆ ನೋಡಿ ಅಡುಗೆಮನೆಗೆ ಹೋದಳು. ಅದೇ ನೋಟ.

ಸೋಮವಾರ ರೈಲಿನಲ್ಲಿ ಕೆಂಪರಾಜು ಎಂದಿನಂತೆ ನನ್ನ ಕರವಸ್ತ್ರದ ಮೇಲೆ ಕೂತ. ತೊಡೆಯ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪಿನ ಬ್ಯಾಗು. “ಹೆಂಗೈತ್ಲಾ ನಂದು?” ಎಂದ. “ಬೊಂಬಾಟಾಗೈತೆ” ಎಂದೆ. “ನಂದು?” “ಅದಕ್ಕೇನ್ಲಾ, ರಾತ್ರಿಯೆಲ್ಲಾ ಸಿನಿಮಾ ನೋಡುದ್ವು” ಎಂದ.  ಅಂದರೆ ಇವನಿಗೆ ಎಲ್ಲಿಂದಲೋ ಚಾರ್ಜರ್ ಸಿಕ್ಕಿದೆ! ಅಲ್ಲಿಂದ ದಿನಾ ಇದೇ ಮಾತು. ಇಬ್ಬರೂ ಉಸಿರಿಲ್ಲದ ಲ್ಯಾಪ್‌ಟಾಪುಗಳನ್ನು ಮೆರವಣಿಗೆಯ ಉತ್ಸವಮೂರ್ತಿಗಳ ಹಾಗೆ ಹೊತ್ತುಕೊಂಡು ಬಿಡದಿಗೆ ಹೋಗಿ, ವಾಪಸು ತರುತ್ತಿದ್ದೆವು. ಅವನದೂ ಸತ್ತಿದೆ ಎಂದು ನನಗೆ ಗೊತ್ತಿರಲಿಲ್ಲ ಎನ್ನುವುದನ್ನು ಬಿಟ್ಟರೆ ನಮ್ಮಿಬ್ಬರ ಪರಿಸ್ಥಿತಿ ಒಂದೇ. ಮ್ಯಾನೇಜರು ಸ್ಟಾಕಿನ ವಿವರ ಕೇಳಿದಾಗ “ವೈರಸ್ ಬಂದಿದೆ ಸಾರ್” ಎಂದೆ. ಆ ಕಾಲದಲ್ಲಿ ಅದು ಎಲ್ಲ ಕಾಯಿಲೆಗೂ ಒಪ್ಪುವ ರಜಾ ಚೀಟಿಯಾಗಿತ್ತು. ಮನೆಯಲ್ಲಿ ಮಾತ್ರ ದಿನಗಳು ಓಡುತ್ತಿದ್ದವು. ಜಯಮ್ಮ ಬೇಲಿಯಾಚೆಯಿಂದ “ಮೇವು ಮುಟ್ತಾ?” ಎಂದು ವಿಚಾರಿಸುತ್ತಿದ್ದಳು. ಉಪ್ಪು ಕೊಳ್ಳುವ ಸ್ವಾತಂತ್ರ್ಯವೂ ಇಲ್ಲದ ಗಂಡಸಾಗಿ ಉಳಿದ ಆಯುಷ್ಯ ಕಳೆಯುವ ಚಿತ್ರ ಕಣ್ಣೆದುರು ಬಂದು ನಿಂತಿತು. 

ಇನ್ನು ತಡೆಯಲಾರದೆ ಒಂದು ಸಂಜೆ ಕೆಂಪರಾಜುವಿಗೆ “ಓಟಿ ಐತೆ ಕಣ್ಲಾ, ನೀನು ನಡಿ” ಎಂದೆ. ಅವನು “ನಾನೂ ಇವತ್ತು ರೈಲಿಗೆ ಬರಾಕಿಲ್ಲ, ಸೋಲೂರಿಗೆ ಹೋಗ್ಬೇಕು, ಅವ್ವನ ನೋಡ್ಕಂಡು ಬತ್ತೀನಿ” ಎಂದ. ನಾನು ಸಂತೋಷದಿಂದ ಬಸ್ಸು ಹಿಡಿದು ರಾಮನಗರದಲ್ಲಿ ಇಳಿದೆ. ಅಲ್ಲಿ ಅನ್ವರ್ ಎಂಬುವವರ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಅವರ ಮನೆತನದವರು ರೇಷ್ಮೆ ನೂಲು ತೆಗೆಯುವವರು. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಹಿಂದಿನ ಕೋಣೆಯಿಂದ ಗೂಡು ಬೇಯುವ ವಾಸನೆ. ಒಳಗೆ ಕಾಲಿಡುತ್ತೇನೆ, ಕೌಂಟರಿನ ಮುಂದೆ ಯಾರೋ ಒಬ್ಬ ದೊಡ್ಡ ಲ್ಯಾಪ್‌ಟಾಪೊಂದರ ಹಿಂಭಾಗವನ್ನು ಅನ್ವರ್ ಕಡೆ ತಿರುಗಿಸಿ ಪಿನ್ನಿನ ತೂತು ತೋರಿಸುತ್ತಿದ್ದಾನೆ. ಆ ಬೆನ್ನನ್ನು ನಾನು ಎಲ್ಲಿ ನೋಡಿದರೂ ಗುರುತಿಸಬಲ್ಲೆ, ಲ್ಯಾಪ್‌ಟಾಪಿನದನ್ನೂ, ಕೆಂಪರಾಜುವಿನದನ್ನೂ. ನಾನು ಕೌಂಟರಿನ ಮೇಲಿಟ್ಟ, ಹಗ್ಗವಿಲ್ಲದ ನನ್ನದನ್ನೂ ನೋಡಿ ಅನ್ವರ್, “ಅರೆ, ಇವತ್ತೇನ್ ಸಾರ್, ಎಲ್ಲಾರೂ ಚಾರ್ಜರ್ ಇಲ್ದೇನೇ ಬರ್ತಾ ಇದ್ದೀರಾ?” ಎಂದರು.

ಕೆಂಪರಾಜು ತಿರುಗಿದ. “ನಿಂಗೆ ಓಟಿ ಇರ್ಲಿಲ್ವೇನ್ಲಾ?” ಎಂದ. “ನೀನು ಸೋಲೂರಿಗೆ ಹೋಗ್ಲಿಲ್ವೇನ್ಲಾ?” ಎಂದೆ. ಆಮೇಲೆ ಇಬ್ಬರ ಕಣ್ಣೂ ಕೌಂಟರಿನ ಮೇಲಿದ್ದ ಎರಡು ಹೆಣಗಳ ಮೇಲೆ ಬಿದ್ದವು. “ನೀನೂ ಹಗ್ಗ ಮಡಿಕ್ಕಂಡ್ಯಾ?” ಎಂದು ಅವನು ಕೇಳಿದಾಗ ನನಗೆ ತಡೆಯಲಾರದಷ್ಟು ನಗು ಬಂತು. ಅವನೂ ಕೌಂಟರ್ ಹಿಡಿದುಕೊಂಡು ನಕ್ಕ. ಅವನ ತಾಯಿಯೂ ಸೋಲೂರಿನಿಂದ ಫೋನು ಮಾಡಿ ಅಪ್ಪ ಹೇಳಿದ್ದನ್ನೇ ಹೇಳಿದ್ದರಂತೆ. “ನಮ್ಮ ಚಾರ್ಜರ್ನ ಅವ್ವ ಊರಿಗೇ ತರುಸ್ಕಂಡು ಕೊಟ್ಟಿಗೇಲಿ ಎಮ್ಮೆ ಗೂಟಕ್ಕೇ ಕಟ್ಟವ್ಳೆ ಕಣ್ಲಾ” ಎಂದ. ಅನ್ವರ್‌ಗೆ ಏನೂ ಅರ್ಥವಾಗದೆ, “ಸಿಂಪಲ್ ಸಾರ್, ಅದನ್ನ ಇವರಿಗೆ ಕೊಡಿ, ಇದನ್ನ ಅವರಿಗೆ ಕೊಡಿ” ಎಂದರು. ನಗು ಅಲ್ಲಿಗೆ ನಿಂತಿತು. ಹಗ್ಗ ಕೊಡುವುದೇ? ಕೆಂಪರಾಜು ತಲೆ ಅಲ್ಲಾಡಿಸಿ, “ಆಗಲ್ಲ. ನಾಳೆ ಎಮ್ಮೆ ಹಾಲು ಕೊಡ್ದಿದ್ರೆ ಅವ್ವ ನನ್ನ ಮನೆಗೆ ಸೇರ್ಸಾಕಿಲ್ಲ. ನೀನು ಬೇಕಾರೆ ಕೊಡು” ಎಂದ. ನಾನೂ ಕೊಡುವಂತಿರಲಿಲ್ಲ. ಈ ಮಾಡೆಲುಗಳ ಚಾರ್ಜರ್ ಈಗ ಎಲ್ಲೂ ಸಿಗುವುದಿಲ್ಲ ಎಂದು ಅನ್ವರ್ ಬೇರೆ ಹೇಳಿದರು. ಇಬ್ಬರೂ ಮುಖ ಗಂಟಿಕ್ಕಿಕೊಂಡು ಬೆಂಚಿನ ಎರಡು ತುದಿಯಲ್ಲಿ ಕೂತೆವು.

ಆಗ ನನಗೆ ಅದು ಹೊಳೆಯಿತು. ಹೇಗೆ ಹೊಳೆಯಿತೆಂದು ಕೇಳಬೇಡಿ, ಅಂಥದ್ದು ನನಗೆ ಹಿಂದೆಂದೂ ಹೊಳೆದಿಲ್ಲ. ಎತ್ತು ಕೊಂಡವನು ಹಗ್ಗವನ್ನು ಎಲ್ಲಿಂದ ತರುತ್ತಾನೆ? ಅಂಗಡಿಯಿಂದ. ಹಾಗಾದರೆ ನಾವು ನಮ್ಮ ನಮ್ಮ ಹಗ್ಗವನ್ನು ಅನ್ವರ್ ಅಂಗಡಿಗೆ ಮಾರಿಬಿಡೋಣ. ನಾನು ನನ್ನ ಎತ್ತಿಗೆ ಅಂಗಡಿಯಿಂದ ಹಗ್ಗ ಕೊಳ್ಳುತ್ತೇನೆ, ನೀನು ನಿನ್ನ ಎತ್ತಿಗೆ ಅಂಗಡಿಯಿಂದ ಹಗ್ಗ ಕೊಳ್ಳುತ್ತೀಯ. ನಾನು ನಿನಗೆ ಕೊಟ್ಟಿಲ್ಲ, ನೀನು ನನಗೆ ಕೊಟ್ಟಿಲ್ಲ. ಕೆಂಪರಾಜು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಅಲ್ಲಿಂದಲೇ ತಾಯಿಗೆ ಫೋನು ಹಚ್ಚಿದ. ಆ ಕಡೆ ಎಮ್ಮೆ ಒಮ್ಮೆ ಕೂಗಿದ್ದು ಕೇಳಿಸಿತು. ಕೊನೆಗೆ ಆ ತಾಯಿ, “ಕೊಂಡೋನ ಕೈಗೆ ಕೊಡ್ಬಾರ್ದು ಅಷ್ಟೇಯ. ಅಂಗ್ಡಿಗಾದ್ರೆ ದೋಸ ಇಲ್ಲ. ಯಾರ್ಲಾ ಅದು ಯೋಳುದ್ದು? ಬುದ್ವಂತ ಅವ್ನೆ” ಎಂದರು. ಬುದ್ವಂತ! ಆ ಮಾತು ಸ್ಪೀಕರಿನಲ್ಲಿ ಬಂತು, ಅನ್ವರ್ ಕೂಡ ಕೇಳಿಸಿಕೊಂಡರು. ಸಾಕ್ಷಿ ಬೇಕಾದವರು ಈಗಲೂ ಹೋಗಿ ವಿಚಾರಿಸಬಹುದು.

ಶನಿವಾರ ಸಂಜೆ ಎರಡು ಹಗ್ಗಗಳೂ ಕೌಂಟರಿನ ಈ ಕಡೆಯಿಂದ ಆ ಕಡೆಗೆ ಹೋಗಿ, ಒಂದು ಗಳಿಗೆ ಗಾಜಿನ ಕಪಾಟಿನಲ್ಲಿ ಕೂತು, ಮತ್ತೆ ಈ ಕಡೆಗೆ ಬಂದವು. ಅನ್ವರ್ ದಲ್ಲಾಳಿಯ ಪಾಲಾಗಿ ಅಪ್ಪ ಟವಲಿನಡಿ ಗೆದ್ದಿದ್ದ ಮೌಸನ್ನು ಇಟ್ಟುಕೊಂಡು, ನಮಗಿಬ್ಬರಿಗೂ ಟೀ ತರಿಸಿದರು. “ಇಷ್ಟು ವರ್ಷದ ಅಂಗಡಿಯಲ್ಲಿ ಇಂಥ ಬಿಸಿನೆಸ್ ನೋಡಿಲ್ಲ ಸಾರ್” ಎಂದರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಮನೆಗೆ ಬಂದು, ವಾರ ಮುಗಿಯುವುದಕ್ಕೆ ಇನ್ನೂ ಒಂದು ಹಗಲು ಬಾಕಿಯಿರುವಾಗಲೇ, ಸುಜಾತಳನ್ನು ಕರೆದು ಎದುರಿಗೆ ಕೂರಿಸಿಕೊಂಡು ಲ್ಯಾಪ್‌ಟಾಪನ್ನು ಗೋಡೆಗೆ ಒರಗಿಸಿ ಗುಂಡಿ ಒತ್ತಿದೆ. ಅದು ಉರಿಯಿತು, ಓಡಿತು, ಆರಲಿಲ್ಲ. ಅಪ್ಪನಿಗೆ ಹಗ್ಗದ ಸಂಗತಿಯನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹಸಿರು ಬಟ್ಟೆಯ ಅಂಚಿನಿಂದ ಒಳ್ಳೆಯ ಕಣ್ಣನ್ನು ಒರೆಸಿಕೊಂಡು, “ನಂಗೂ ಹೊಳೀತಿರ್ಲಿಲ್ಲ ಕಣ್ಲಾ ಮಗ” ಎಂದರು. ನಲವತ್ತರ ಗಡಿಯಲ್ಲಿದ್ದ ನನಗೆ ಎದೆ ತುಂಬಿ ಬಂದು, ಏನು ಮಾಡಬೇಕೆಂದು ತೋಚದೆ ಕಾಫಿ ಕೇಳಿದೆ. ತಲೆ ಎತ್ತಿ ಕೇಳಿದೆ. ಸುಜಾತ ನನ್ನ ಕಡೆ ಒಮ್ಮೆ ನೋಡಿ ಅಡುಗೆಮನೆಗೆ ಹೋದಳು, ಆದರೆ ಹೋಗುವಾಗ ನಗುತ್ತಿದ್ದಳು. ಕಾಫಿ ಬಂತು. ಅದರ ಹಿಂದೆಯೇ ಕಡಲೆಬೇಳೆ ಅಳೆಯುವ ಸದ್ದೂ ಬಂತು.

ಭಾನುವಾರ ನಮ್ಮ ಬೀದಿಗೆಲ್ಲ ಒಬ್ಬಟ್ಟು ಹೋಯಿತು. ಹಬ್ಬವಿಲ್ಲದ ದಿನ ಒಬ್ಬಟ್ಟು ಯಾಕೆಂದು ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಕೇಳಿದಾಗ ಸುಜಾತ, “ನಮ್ಮನೆಯವರು ಲ್ಯಾಪ್‌ಟಾಪ್ ಕೊಟ್ಟಿದ್ದರು. ಅದಕ್ಕೆ ಬದಲು ಲ್ಯಾಪ್‌ಟಾಪೇ ತಂದಿದ್ದಾರೆ” ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ಅದರಲ್ಲಿ ಕೊಂಕು ಹುಡುಕುವ ಮನಸ್ಸು ಆ ದಿನ ನನಗಿರಲಿಲ್ಲ. ಮರುದಿನ ಕೆಂಪರಾಜುವಿಗೂ ಒಂದು ಡಬ್ಬಿ ಕಟ್ಟಿಸಿಕೊಂಡು ಹೋದೆ. ಅವನು ರೈಲಿನಲ್ಲಿ ನನಗೆ ಕೊಡಲು ಕಜ್ಜಾಯದ ಡಬ್ಬಿ ತಂದಿದ್ದ. ಅವನ ಮನೆಯಲ್ಲೂ ಅವನೇ ಗೆದ್ದನಂತೆ, ಅಲ್ಲಿಯ ಬೀದಿಗೂ ಹಂಚಿದರಂತೆ. ಇರಲಿ, ಪಾಪ, ಹಾಗೇ ಅಂದುಕೊಂಡಿರಲಿ.

ಒಂದು ಸಣ್ಣ ಸಂಗತಿ ಉಳಿಯಿತು. ಸ್ಟೋರ್ಸಿನಲ್ಲಿ ನನ್ನ ಮೇಜಿನ ಹಿಂದೆ ಗೋಡೆಯಿಲ್ಲ. ಒರಗಿಸದೆ ಬಿಚ್ಚಿದರೆ ಈ ಲ್ಯಾಪ್‌ಟಾಪಿನ ಪರದೆ ಹಿಂದಕ್ಕೆ ಅಂಗಾತ ಬೀಳುತ್ತದೆ ಎನ್ನುವುದು ಅಲ್ಲಿ ತಿಳಿಯಿತು. ಅಪ್ಪನಿಗೆ ಹೇಳಿದರೆ ಅವರು, “ಒಂಟಿ ಎತ್ತು ಎಲ್ಲಾರ ನಿಂತಾತೇನ್ಲಾ? ಜೋಡಿ ಬೇಕು” ಎಂದು, ಸಾತನೂರಿನಿಂದ ಬೆಲ್ಲ ತೂಗುವ ಹಳೆಯ ಕಬ್ಬಿಣದ ತೂಕದ ಬಟ್ಟೊಂದನ್ನು ತರಿಸಿಕೊಟ್ಟರು. ಹಿಂದೆ ಅದನ್ನಿಟ್ಟರೆ ಪರದೆ ಬಂಡೆಯಂತೆ ನಿಲ್ಲುತ್ತಿತ್ತು. ಅಲ್ಲಿಂದ ದಿನಾ ಲ್ಯಾಪ್‌ಟಾಪು, ಹಗ್ಗ, ಬಟ್ಟು ಮೂರನ್ನೂ ಬ್ಯಾಗಿನಲ್ಲಿ ಒಯ್ಯತೊಡಗಿದೆ. ಎಡಹೆಗಲಿಗೆ ವಿಶ್ರಾಂತಿ ಇರಲೆಂದು ಬಲಹೆಗಲಿಗೆ ಬದಲಾಯಿಸಿಕೊಂಡೆ. ಮುಂದಿನ ಯುಗಾದಿಗೆ ಅಂಗಿ ಹೊಲಿಸಲು ಶೇಷಣ್ಣನ ಹತ್ತಿರ ಹೋದೆ. ಅವನು ಟೇಪನ್ನು ಎರಡೆರಡು ಸಲ ಹಿಡಿದು, ಹಿಂದೆ ಸರಿದು ನೋಡಿ, “ಪರ್ವಾಗಿಲ್ಲ ಸಾರ್, ಈಗ ಸಮ ಆಗೈತೆ” ಎಂದ. ನಾನು ಗೆದ್ದವನ ಗತ್ತಿನಲ್ಲಿ ಕನ್ನಡಿಯ ಕಡೆ ತಿರುಗಿ ಎದೆ ಸೆಟೆಸಿದೆ. ಶೇಷಣ್ಣ ಅಳತೆ ಬರೆದುಕೊಳ್ಳುತ್ತ ಮಾತು ಮುಗಿಸಿದ: “ಬಲಗಡೇದೂ ಇಳ್ದೈತೆ.”